ಕಡ್ಲೆಕಾಯಿ ತಿಂದ್ರೆ ಇನ್ನೂ ದಪ್ಪ ಆಗ್ತೀನಾ ಮೇಡಂ?

ಪ್ರಶ್ನೆ: ನಂಗೆ 38 ವರ್ಷ, ಹೈಟ್ 5 ಅಡಿ 2 ಇಂಚು, ತೂಕ 82 ಕೆಜಿ. ಹೋದ ತಿಂಗಳು ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂದ್ರು, ರಕ್ತದಲ್ಲಿರೋ ಕೊಬ್ಬು, ಅದೇ ಟ್ರೈಗ್ಲಿಸರೈಡ್, 210, ಶುಗರ್ ಬಾರ್ಡರಲ್ಲಿದೆ. ಡಾಕ್ಟ್ರು ದಿನಾ ಒಂದು ಹಿಡಿ ನಟ್ಸ್ ತಿನ್ನಿ ಅಂತಾರೆ, ನಮ್ಮತ್ತೆ ಅದೆಲ್ಲ ಬರೀ ಎಣ್ಣೆ, ಇನ್ನೂ ಊದ್ಕೋತೀಯ ಅಂತಾರೆ. ಬಾದಾಮಿ ರೇಟ್ ಕೇಳಿದ್ರೆ ಭಯ ಆಗತ್ತೆ, ನಮ್ಮ ಹೊಲದ ಕಡ್ಲೆಕಾಯಿ ಮೂಟೆಗಟ್ಲೆ ಇದೆ, ಅದು ನಡೆಯತ್ತಾ?
– ಓದುಗರು, ಚಳ್ಳಕೆರೆ

ಉತ್ತರ: ಧಾರಾಳವಾಗಿ ನಡೆಯತ್ತಮ್ಮ. ಹಂಗಂತ ನಿಮ್ಮತ್ತೆ ಮಾತು ಪೂರ್ತಿ ತಪ್ಪಲ್ಲ, ಕಡ್ಲೆಬೀಜದಲ್ಲಿ ಹೆಚ್ಚುಕಮ್ಮಿ ಅರ್ಧ ಎಣ್ಣೆನೇ ಇರೋದು, 100 ಗ್ರಾಂ ತಿಂದ್ರೆ 560 ಕ್ಯಾಲೊರಿ ದಾಟತ್ತೆ. ಆದ್ರೆ ಆ ಎಣ್ಣೆ ಪೂರ್ತಿ ಮೈಗೆ ಸೇರಲ್ಲ. ಎಷ್ಟೇ ಅಗಿದ್ರೂ ಒಂದಿಷ್ಟು ಚೂರು ಹಂಗೇ ಉಳಿಯತ್ತೆ, ಅದರೊಳಗಿನ ಎಣ್ಣೆ ಬಿಡಿಸ್ಕೊಂಡು ಬರದೆ ಮಲದ ಜೊತೆ ಹೋಗ್ಬಿಡತ್ತೆ. 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಅಳೆದು ನೋಡಿದ್ರು, 28 ಗ್ರಾಂ ಬಾದಾಮಿಗೆ ಲೆಕ್ಕದಲ್ಲಿ 170ರ ಹತ್ರ ಕ್ಯಾಲೊರಿ, ದೇಹಕ್ಕೆ ಸಿಕ್ಕಿದ್ದು 129. ಇಡೀ ಕಡ್ಲೆಬೀಜಕ್ಕೂ ಈ ಗುಣ ಇದೆ, ಅದನ್ನೇ ಗಾಣಕ್ಕೆ ಹಾಕಿ ಎಣ್ಣೆ ಮಾಡಿದ್ರೆ ಇರಲ್ಲ. ಪ್ರೋಟೀನು, ನಾರು ಇರೋದ್ರಿಂದ ಹಸಿವೂ ಬೇಗ ಆಗಲ್ಲ.

ಎಲ್ರೂ ಹೆದರೋ ಗೋಡಂಬಿನೇ ತಗೊಳ್ಳಿ. ಚೆನ್ನೈನಲ್ಲಿ 300 ಜನ ಶುಗರ್ ಇರೋರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ದಿನಾ 30 ಗ್ರಾಂ ಗೋಡಂಬಿ ಕೊಟ್ರು, 2018ರಲ್ಲಿ ರಿಸಲ್ಟ್ ಬಂತು, ತೂಕ ಏರಿರ್ಲಿಲ್ಲ, ಮೇಲಿನ ಬಿಪಿ ಸ್ವಲ್ಪ ಇಳಿದಿತ್ತು, ಒಳ್ಳೆ ಕೊಲೆಸ್ಟ್ರಾಲ್ ಏರಿತ್ತು. ಶುಗರ್ ಮಾತ್ರ ಇಳೀಲಿಲ್ಲ, ಹಾಗಾಗಿ ಇದನ್ನ ಔಷಧಿ ಅಂದ್ಕೊಂಡು ಮಾತ್ರೆ ಗೀತ್ರೆ ಬಿಡ್ಬೇಡಿ.

ನಂಗೆ ನಿಜವಾಗ್ಲೂ ಚಿಂತೆ ಇರೋದು ಬೇರೆ ಕಡೆ. ಸಂಜೆ ಟೀ ಜೊತೆ ಏನು ತಿಂತೀರಿ ಅಂತ ನೀವು ಬರೆದಿಲ್ಲ. ಮಂಡಕ್ಕಿ ಮಿರ್ಚಿ, ಖಾರ, ನಾಲ್ಕು ಬಿಸ್ಕತ್ತು ತಿಂದು ಅದರ ಮೇಲೆ ಡಾಕ್ಟ್ರು ಹೇಳಿದ್ರು ಅಂತ ಒಂದು ಹಿಡಿ ಬೀಜಾನೂ ತಿಂದ್ರೆ ನಿಮ್ಮತ್ತೆ ಹೇಳಿದ್ದೇ ಆಗತ್ತೆ ನೋಡಿ. ಆ ಮಿರ್ಚಿ, ಬಿಸ್ಕತ್ತು ಬಿಟ್ಟು ಆ ಜಾಗಕ್ಕೆ ಈ ಹಿಡಿ ಬರ್ಬೇಕು. ಲಿವರಲ್ಲಿ ಕೊಬ್ಬು ಕೂರೋದು ಎಣ್ಣೆಯಿಂದ ಮಾತ್ರ ಅಲ್ಲ, ಜಾಸ್ತಿಯಾದ ಸಕ್ಕರೆ, ಮೈದಾ, ಅನ್ನ ಕೂಡ ಅಲ್ಲಿ ಕೊಬ್ಬಾಗತ್ತೆ, ಟ್ರೈಗ್ಲಿಸರೈಡ್ ಏರಿಸತ್ತೆ.

ದಿನಕ್ಕೆ 30 ಗ್ರಾಂ, ನಿಮ್ಮದೇ ಒಂದು ಸಣ್ಣ ಹಿಡಿ, ಸಾಕು. ಬೆಳಿಗ್ಗೆನೇ ಅಳೆದು ಚಿಕ್ಕ ಡಬ್ಬಿಗೆ ಹಾಕಿಡಿ, ಟಿವಿ ಮುಂದೆ ಮೊರ ಇಟ್ಕೊಂಡು ಕೂತ್ರೆ ಕೈ ನಿಲ್ಲಲ್ಲ. ಎಣ್ಣೆ ಹಾಕದೆ ಹುರಿದಿದ್ದು, ಬೇಯಿಸಿದ್ದು ಎರಡೂ ಒಳ್ಳೇದೇ, ಚಿಕ್ಕಿ ಬೇಡ, ಉಪ್ಪು ಖಾರ ಸವರಿದ ಪ್ಯಾಕೆಟ್ಟೂ ಬೇಡ. ಬೀಜದ ಮೇಲಿನ ಕೆಂಪು ಸಿಪ್ಪೆ ತೆಗೀಬೇಡಿ. ಕಡ್ಲೆಕಾಯಿ ತಿಂದ್ರೆ ಮೈ ಕಡಿತ, ತುಟಿ ಊತ ಬರೋರಾದ್ರೆ ಮುಟ್ಲೇಬೇಡಿ.

ಇನ್ನೊಂದು, ಮೂಟೆಯಿಂದ ತೆಗೆದಾಗ ಒಂದೊಂದೇ ನೋಡಿ. ಸುಕ್ಕುಗಟ್ಟಿದ್ದು, ಕಪ್ಪಾಗಿದ್ದು, ಬೂಷ್ಟು ಹಿಡಿದಿದ್ದು, ಬಾಯಿಗಿಟ್ಟ ತಕ್ಷಣ ಕಹಿ ಅನ್ಸಿದ್ದು, ಇವನ್ನ ಎಸೀರಿ. ತೇವಕ್ಕೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರ್ಕೊಳತ್ತೆ, ಅದು ನೇರ ಲಿವರ್‌ಗೇ ಹೊಡೆಯೋದು, ಹುರಿದ್ರೂ ಪೂರ್ತಿ ಹೋಗಲ್ಲ.