ಮುಟ್ಟಿ ಆಡುವಂಥ ಸ್ಮಾರಕ ಇದೆಯಾ?

ಪ್ರಶ್ನೆ: ಮೊಮ್ಮಗನಿಗೆ ಏಳು ವರ್ಷ. ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆ ತೋರಿಸಿದರೆ ‘ಅಜ್ಜಿ, ಇದನ್ನ ಹತ್ತಬಹುದಾ?’ ಎನ್ನುತ್ತಾನೆ. ದೊಡ್ಡವರ ನೆನಪಿಗೆ ಕಟ್ಟಿದ್ದು, ಆದರೂ ಮಕ್ಕಳು ಮುಟ್ಟಿ ಆಡಬಹುದು, ಅಂಥ ಜಾಗ ಅಲ್ಲಿ ಇದೆಯೇ? ನನಗೆ ಮಂಡಿ ನೋವು, ಜಾಸ್ತಿ ನಡೆಯಲಾರೆ.
– ಒಬ್ಬ ಅಜ್ಜಿ, ರಾಜಾಜಿನಗರ

ಉತ್ತರ: ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ ಅಮ್ಮ. ವಿಕ್ಟೋರಿಯಾ ರಾಣಿ 1906ರಿಂದ ಅಲ್ಲೇ ನಿಂತಿದ್ದಾಳೆ, ಏಳು ವರ್ಷದ ಹುಡುಗನಿಗೆ ಅವಳಿಂದ ಆಗಬೇಕಾದ್ದೇನು? ಹತ್ತೋಕೆ ಮಾತ್ರ ಬಿಡಬೇಡಿ.

ನೇರಳೆ ಮೆಟ್ರೋದಲ್ಲಿ ಬಂದು ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಪಾರ್ಕಿನೊಳಗೇ ಜವಾಹರ್ ಬಾಲಭವನ ಇದೆ, ನೆಹರೂ ಹೆಸರಿನದು. ಪುಟಾಣಿ ಎಕ್ಸ್‌ಪ್ರೆಸ್ ರೈಲು ಅಲ್ಲೇ. ಓಡುತ್ತಿದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ರೈಲಿನ ಆಸೆ ಹುಟ್ಟಿಸಿ ವಾಪಸ್ ಕರೆತಂದರೆ ಆಮೇಲೆ ಅವನನ್ನು ಸಮಾಧಾನ ಮಾಡುವುದು ನಿಮಗೇ ಕಷ್ಟ!

ಆದರೆ ನೀವು ಕೇಳಿದ್ದಕ್ಕೆ ಸರಿಯಾಗಿ ಹೊಂದುವುದು ಪಕ್ಕದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಸ್ಟೇಷನ್ನಿನಿಂದ ಆಟೋ ಹಿಡಿಯಿರಿ, ಮಂಡಿಗೆ ಯಾಕೆ ಶಿಕ್ಷೆ? ಆವರಣದಲ್ಲೇ ಮರುತ್ ವಿಮಾನ ನಿಂತಿದೆ. ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ, 1961ರಲ್ಲಿ ಮೊದಲ ಸಲ ಹಾರಿದ ಯುದ್ಧವಿಮಾನ. ಒಳಗೆ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ನಕಲು ಇದೆ, ಅಸಲಿನಷ್ಟೇ ದೊಡ್ಡದು. ಗುಂಡಿ ಒತ್ತಿದರೆ, ಹಿಡಿ ತಿರುಗಿಸಿದರೆ ಏನಾದರೊಂದು ನಡೆಯುತ್ತದೆ. ಮಕ್ಕಳಿಗೆ ಬೇಕಾದ್ದು ಅದೇ ಅಲ್ವಾ? ದೊಡ್ಡವರು ಬೋರ್ಡು ಓದುತ್ತಾ ನಿಲ್ಲುತ್ತಾರೆ, ಮಕ್ಕಳು ಅಷ್ಟರಲ್ಲಿ ಇನ್ನೊಂದು ಗುಂಡಿ ಒತ್ತಿರುತ್ತಾರೆ.

ಒಂದೇ ಮಾತು: ಬಾಗಿಲಲ್ಲೇ ವಿಶ್ವೇಶ್ವರಯ್ಯನವರ ಜೀವನಚರಿತ್ರೆ ಶುರು ಮಾಡಬೇಡಿ. ಮೊದಲು ಆಡಲಿ. ಬಾಯಾರಿ ನೀರು ಕೇಳಿದಾಗ ಹೇಳಿ: ನಮ್ಮನೆ ನಲ್ಲಿಯ ಕಾವೇರಿ ನೀರನ್ನು ಮೇಲೆ ಕನ್ನಂಬಾಡಿಯಲ್ಲಿ ತಡೆದು ನಿಲ್ಲಿಸುತ್ತಾರೆ, ಆ ಅಣೆಕಟ್ಟಿನ ಕೆಲಸ ಹಿಡಿದ ಚೀಫ್ ಎಂಜಿನಿಯರ್ ಇವರೇ ಅಂತ. 1861ರಲ್ಲಿ ಹುಟ್ಟಿ 1962ರವರೆಗೆ ಬದುಕಿದರು ಎಂದರೆ, ನೂರು ದಾಟಿದರಾ ಅಂತ ಅವನೇ ಕಣ್ಣರಳಿಸಿ ಲೆಕ್ಕ ಹಾಕುತ್ತಾನೆ. ಸುಮ್ನೆ ‘ಮಹಾನ್ ವ್ಯಕ್ತಿ’ ಎಂದರೆ ಮನೆ ಸೇರುವುದರೊಳಗೆ ಮರೆತಿರುತ್ತಾನೆ.

ಭಾನುವಾರ ಪಾರ್ಕಿನ ಒಳರಸ್ತೆಗೆ ವಾಹನ ಬಿಡುವುದಿಲ್ಲ, ಹುಡುಗ ಓಡಾಡಲು ಒಳ್ಳೆಯದು. ಮ್ಯೂಸಿಯಮ್ಮಿನಲ್ಲಿ ಮಾತ್ರ ಅವತ್ತು ಜನವೋ ಜನ, ಒಂದೊಂದು ಗುಂಡಿಗೂ ಸರದಿ. ಶಾಲೆಗೆ ರಜೆ ಇರುವ ವಾರದ ದಿನ ಸಿಕ್ಕರೆ ಬೆಳಿಗ್ಗೆಯೇ ಹೊರಡಿ. ಮಹಡಿಗಳನ್ನೆಲ್ಲ ನೋಡಲೇಬೇಕು ಅಂತೇನಿಲ್ಲ. ಅವನ ಜೊತೆ ಅಪ್ಪನನ್ನೋ ಅಮ್ಮನನ್ನೋ ಮೇಲಕ್ಕೆ ಕಳಿಸಿ, ನೀವು ಕೆಳಗೆ ಆರಾಮಾಗಿ ಕೂತಿರಿ.