ಮೊದಲು ಅಕ್ಕನಿಗೆ ನಿಮ್ಮ ಆಫೀಸು ತೋರಿಸಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಮೂರನೆಯ ಸಲ ಓದುವಾಗ ಕಣ್ಣೂ ತುಂಬಿತು, ಸಿಟ್ಟೂ ಬಂತು. ಉಳಿದ ಪತ್ರಗಳವರು ಕ್ಷಮಿಸಬೇಕು, ಇಡೀ ಅಂಕಣವನ್ನು ಇದೊಂದಕ್ಕೇ ಕೊಡುತ್ತಿದ್ದೇನೆ. ಮನೆಗೆ ಬಂದಿರುವವರು ಇಷ್ಟರಲ್ಲೇ ಚೀಲ ಕಟ್ಟಿಬಿಡುವ ಹಾಗಿದೆ, ಅಷ್ಟರೊಳಗೆ ಉತ್ತರ ತಲುಪಬೇಕು.

ಬರೆದವರು ಜಯನಗರದ ಮಹಿಳೆ, ನಲವತ್ತೊಂದು ವರ್ಷ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಜನವರಿಯಾದ್ದರಿಂದ ಮೂರು ತಿಂಗಳ ಲೆಕ್ಕ ಮುಗಿಸಿ ಒಪ್ಪಿಸುವ ಒತ್ತಡ, ಸಿಕ್ಕಿದ್ದು ಒಂದೇ ದಿನದ ರಜೆ. ಮಗಳು ಎಸ್ಸೆಸ್ಸೆಲ್ಸಿ. ಇಂಥ ಹೊತ್ತಿನಲ್ಲಿ ಗದಗ ಜಿಲ್ಲೆಯ ಹಳ್ಳಿಯಿಂದ ಅಕ್ಕ ಬಂದಿದ್ದಾರೆ, ಹದಿನೈದು ದಿನಕ್ಕೆಂದು. ತಂಗಿ ಬೆಂಗಳೂರು ಸೇರಿ ಹದಿನೆಂಟು ವರ್ಷವಾಗಿದೆ, ಅಕ್ಕ ಆ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು. ಮೊದಲು ಮಕ್ಕಳು ಚಿಕ್ಕವರು ಎಂದಾಯಿತು, ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಒಂಬತ್ತು ವರ್ಷ ಆ ಅತ್ತೆಯನ್ನು ಎತ್ತಿ ಕೂರಿಸಿ, ತೊಳೆದು, ಉಣಿಸಿದವರು ಅಕ್ಕ. ಅತ್ತೆ ತೀರಿಕೊಂಡು, ವರ್ಷದ ಕಾರ್ಯ ಮುಗಿದ ಮೇಲೆ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತಿ ಒಬ್ಬರೇ ಬಂದರು. ಎಂಟು ದಿನ ಕಳೆದಿದೆ. ಲಾಲ್‌ಬಾಗ್ ಆಗಿಲ್ಲ, ವಿಧಾನಸೌಧ ಆಗಿಲ್ಲ, ಮೈಸೂರಿನ ಮಾತೇ ಇಲ್ಲ. ಮೊನ್ನೆ ಅಕ್ಕ ಮೆಲ್ಲಗೆ, 'ನಿನಗೆ ತೊಂದರೆಯಾಗುತ್ತಿದೆ, ಭಾನುವಾರ ಹೊರಟುಬಿಡುತ್ತೇನೆ' ಅಂದಿದ್ದಾರೆ. ಸಂಬಳವಿಲ್ಲದ ರಜೆ ಹಾಕಲೇ? ತಮ್ಮ ಗೊತ್ತುಮಾಡಿರುವ ಕೊಡಗಿನ ರೆಸಾರ್ಟಿಗೆ ಹೇಗಾದರೂ ಮಾಡಿ ಕರೆದೊಯ್ಯಲೇ? ಇಷ್ಟು ವರ್ಷ ಕಾದು ಬಂದವಳನ್ನು ನೋಯಿಸಿ ಕಳಿಸುತ್ತಿದ್ದೇನೆಯೇ? ಇವು ಪ್ರಶ್ನೆಗಳು.

ತಂಗೀ, ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ರೆಸಾರ್ಟಿನ ವಿಷಯ ಶುರುವಾಗುವ ಮೊದಲು, ಒಂದು ಸಾಲು ಇದೆ. 'ಪಾಪ, ಅವಳಿಗೆ ನನ್ನ ಆಫೀಸು ನೋಡಬೇಕಂತೆ, ಅಲ್ಲೇನಿದೆ ನೋಡುವುದಕ್ಕೆ ಎಂದು ನಕ್ಕುಬಿಟ್ಟೆ.' ಅಷ್ಟೇ ಬರೆದು ಮುಂದೆ ಹೋಗಿದ್ದೀರಿ. ಎರಡನೇ ಪುಟದಲ್ಲಿ ಇನ್ನೊಂದು ಸಾಲು ಇದೆ. ತಾಯಿ ಹೋದಾಗ ಅಕ್ಕ ಏಳನೇ ಇಯತ್ತೆಗೇ ಶಾಲೆ ಬಿಟ್ಟರು, ಎರಡು ಎಮ್ಮೆ ಕಟ್ಟಿದರು, ಆ ಹಾಲಿನ ದುಡ್ಡಿನಲ್ಲಿ ನೀವು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದು ಬಿ.ಕಾಂ. ಮುಗಿಸಿದಿರಿ. ಎರಡೂ ಸಾಲು ನೀವೇ ಬರೆದದ್ದು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಲಿಲ್ಲ.

ಆ ಹಾಲಿನ ದುಡ್ಡು ಎಲ್ಲಿಗೆ ಹೋಗಿ ಮುಟ್ಟಿತು ಎಂದು ಅವರಿಗೆ ನೋಡಬೇಕಾಗಿದೆ. ನಸುಕಿನಲ್ಲಿ ಎದ್ದು ಹಿಂಡಿದ್ದು, ತಾನು ಪುಸ್ತಕ ಮುಚ್ಚಿದ್ದು, ಕಡೆಗೆ ಯಾವ ಕಟ್ಟಡದ ಯಾವ ಕುರ್ಚಿಯಾಯಿತು ಎಂದು ಕಣ್ಣಾರೆ ಕಂಡು ಹೋಗಬೇಕಾಗಿದೆ. ಇಡೀ ಬೆಂಗಳೂರಿನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಲಾಲ್‌ಬಾಗನ್ನು ಕೇಳಿದ್ದು ಅವರಲ್ಲ, ನೀವು ಹಾಕಿಕೊಂಡ ಪಟ್ಟಿ. ಲಾಲ್‌ಬಾಗಿನ ಮೇಲೆ ನನಗೆ ಅಪಾರ ಪ್ರೀತಿ. 240 ಎಕರೆಯ ಆ ತೋಟ ಹೈದರಾಲಿಯ ಕಾಲದಿಂದ ಅಲ್ಲೇ ಇದೆ, ಗಾಜಿನಮನೆಗೆ 1889ರಲ್ಲೇ ಅಡಿಗಲ್ಲು ಬಿದ್ದಿದೆ, ಅಕ್ಕ ಮುಂದಿನ ಸಲ ಬಂದಾಗಲೂ ಇರುತ್ತದೆ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿ ಅವರ ಕೈ ಹಿಡಿದು ಓಡಿಸಿ, ಹೂವಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು ಕರೆತಂದರೆ ನಿಮ್ಮ ಪಟ್ಟಿಯಲ್ಲಿ ಒಂದು ಗೀಟು ಬೀಳುತ್ತದೆ. ಅಕ್ಕನಿಗೆ ಸಿಗುವುದು ಕಾಲುನೋವು.

ಈಗ ನಿಮ್ಮ ತಮ್ಮನ ವಿಷಯ. ನೀವು ಅವರ ಬಗ್ಗೆ ಬಹಳ ಮೆದುವಾಗಿ ಬರೆದಿದ್ದೀರಿ, ನನಗೆ ಅದು ಸಾಧ್ಯವಾಗುತ್ತಿಲ್ಲ. ಡಲ್ಲಾಸಿನಿಂದ ದಿನಾ ರಾತ್ರಿ ಎಂಟೂವರೆಗೆ ಕರೆ, ಅಲ್ಲಿ ಬೆಳಿಗ್ಗೆ ಒಂಬತ್ತು, ಕಾಫಿಯ ಹೊತ್ತು. ನೀವು ಆಗತಾನೇ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತೀರಿ. 'ಇವತ್ತು ಅಕ್ಕನಿಗೆ ಏನು ತೋರಿಸಿದೆ?' ಎಂಬುದು ಮೊದಲ ಪ್ರಶ್ನೆ. ಆ ಹಾಲನ್ನು ಕುಡಿದವರು ಅವರೂ ಅಲ್ಲವೇ? ಒಂಬತ್ತು ವರ್ಷದಲ್ಲಿ ಎರಡು ಸಲ ಊರಿಗೆ ಬಂದು, ಎರಡು ಸಲವೂ ಮೂರೇ ದಿನ ಇದ್ದು ಹೋದವರು ನಿಮ್ಮ ರಜೆಯ ಲೆಕ್ಕ ಕೇಳುವುದು ಅನ್ಯಾಯ. ಹೋಗಲು ಐದಾರು ಗಂಟೆ, ಬರಲು ಅಷ್ಟೇ ಹೊತ್ತು ಹಿಡಿಯುವ ಕೊಡಗಿನಲ್ಲಿ ಎರಡು ರಾತ್ರಿ ಗೊತ್ತುಮಾಡುವ ಮೊದಲು ಯಾರನ್ನೂ ಕೇಳಲಿಲ್ಲ. ಒಂಬತ್ತು ವರ್ಷ ರೋಗಿಯ ಪಕ್ಕ ನಿದ್ದೆಗೆಟ್ಟವರಿಗೆ ಬೇಕಾದದ್ದು ಮನೆಯವರ ಉಸಿರು ಕೇಳುವಷ್ಟು ಹತ್ತಿರದ ಹಾಸಿಗೆ, ಕಾಫಿತೋಟದ ನಡುವಿನ ಕೋಣೆಯಲ್ಲ. ದುಡ್ಡು ಮರಳಿ ಬರುವುದಿಲ್ಲ ಎಂದು ನೀವು ಚಿಂತಿಸಬೇಡಿ, ಅದು ಅವರ ಚಿಂತೆ. ಪ್ರೀತಿ ಇದ್ದರೆ ರಜೆ ಹಾಕಿ ಗದಗಕ್ಕೆ ಬರಲಿ, ಅಕ್ಕನ ಅಂಗಳದಲ್ಲಿ ಹತ್ತು ದಿನ ಕುಳಿತು ರೊಟ್ಟಿ ತಿನ್ನಲಿ. ಈ ಮಾತನ್ನು ನನ್ನ ಹೆಸರಿನಲ್ಲೇ ಅವರಿಗೆ ತಿಳಿಸಿ. ನಿಮ್ಮ ಯಜಮಾನರ ಮೇಲೆ ನನಗೆ ದೂರಿಲ್ಲ, ಬೆಳಗಿನ ಡಬ್ಬಿ ಅವರೇ ಕಟ್ಟುತ್ತಾರೆ ಎಂದು ಬರೆದಿದ್ದೀರಿ.

ಈ ಅಂಕಣವನ್ನು ಓದಿಕೊಂಡು ಬಂದವರಿಗೆ ನನ್ನ ಹಳೆಯ ಹಠ ಗೊತ್ತಿದೆ: ಬಂದವರಿಗೆ ಕೆಲಸ ಕೊಡಿ. ನೀವು ಅಕ್ಕನಿಗೆ ಕೊಟ್ಟಿರುವುದು ಸೋಫಾ ಮತ್ತು ಟಿವಿ. ಅವರು ಐದಕ್ಕೇ ಎದ್ದು ಸ್ನಾನ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ, ನೀವು 'ಅಲ್ಲಿ ದುಡಿದದ್ದು ಸಾಕು, ಇಲ್ಲಾದರೂ ಕುಳಿತುಕೋ' ಅನ್ನುತ್ತೀರಿ. ಮಾತು ಪ್ರೀತಿಯದೇ. ಆದರೆ ಕೈಯಲ್ಲಿ ಕೆಲಸವಿಲ್ಲದೆ ಕೂತವರಿಗೆ ತಾನು ಹೊರೆಯಾದೆ ಎಂದು ಅನ್ನಿಸಲು ಎಷ್ಟು ದಿನ ಬೇಕು? ನಿಮ್ಮ ಅಕ್ಕನಿಗೆ ಎಂಟು ದಿನ ಸಾಕಾಯಿತು. 'ಭಾನುವಾರ ಹೊರಡುತ್ತೇನೆ' ಎಂಬ ಮಾತು ಹುಟ್ಟಿದ್ದು ಆ ಸೋಫಾದಲ್ಲಿ, ಲಾಲ್‌ಬಾಗ್ ನೋಡದ ಬೇಸರದಲ್ಲಿ ಅಲ್ಲ.

ನನ್ನ ತಂದೆ ಬೆಂಗಳೂರಿಗೆ ಒಂದೇ ಸಲ ಬಂದದ್ದು. ಆಟೊದಲ್ಲಿ ಕೂರಿಸಿಕೊಂಡು ವಿಧಾನಸೌಧ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎಲ್ಲ ಸುತ್ತಿಸಿದ್ದೆ. ನಡುವೆ ಒಂದು ದಿನ ನನಗೆ ಜ್ವರ ಬಂತು, ಬೆಳಿಗ್ಗೆ ಹಾಲು ತರುವ ಕೆಲಸ ಅವರ ಪಾಲಿಗೆ ಬಿತ್ತು, ಆಮೇಲೆ ಅವರು ಅದನ್ನು ಬಿಟ್ಟುಕೊಡಲಿಲ್ಲ. ಊರಿಗೆ ಹೋಗಿ ವರ್ಷಗಟ್ಟಲೆ ಹೇಳಿಕೊಂಡದ್ದು ನಂದಿನಿ ಬೂತಿನ ಸಾಲಿನ ಕಥೆ. ಯಾರು ಎಷ್ಟು ಪ್ಯಾಕೆಟ್ ಒಯ್ಯುತ್ತಿದ್ದರು, ಬೂತಿನವನು ಇವರನ್ನು ಏನೆಂದು ಮಾತನಾಡಿಸಿದ, ಚಿಲ್ಲರೆ ಇಲ್ಲದಿದ್ದರೂ ಹೇಗೆ ನಂಬಿ ಕೊಟ್ಟ, ಎಲ್ಲ. ವಿಧಾನಸೌಧದ ಹೆಸರನ್ನು ಅವರ ಬಾಯಲ್ಲಿ ನಾನು ಮತ್ತೆ ಕೇಳಲಿಲ್ಲ.

ನಿಮ್ಮಲ್ಲಿ ಕೆಲಸಕ್ಕೆ ಬರವೇ? ಅವರೆಕಾಯಿ ಸುಗ್ಗಿ ನಡೆದಿದೆ. ಸೊಗಡಿನ ಕಾಯಿ ಮೂರು ಕೆಜಿ ತಂದು ಹಾಲ್‌ನಲ್ಲಿ ಸುರಿಯಿರಿ. ರಾತ್ರಿ ಬಿಡಿಸಿ, ಕಾಳು ನೆನೆಹಾಕಿ, ಮರುದಿನ ಹಿತುಕಲು ಕುಳಿತರೆ ಎಂಥ ಬಿಗಿದ ಬಾಯಿಯೂ ಬಿಚ್ಚಿಕೊಳ್ಳುತ್ತದೆ. ಗದಗದ ಕಡೆಯವರಿಗೆ ಬೆಂಗಳೂರಿನ ಈ ಹಿತುಕಿದ ಬೇಳೆಯ ಹುಚ್ಚು ಹೊಸದು, ಮಗಳು ದೊಡ್ಡಮ್ಮನಿಗೆ ಕಲಿಸಲಿ, ಅರ್ಧ ಗಂಟೆಯಲ್ಲಿ ಓದೇನೂ ಹಾಳಾಗುವುದಿಲ್ಲ. ಸಂಕ್ರಾಂತಿ ಎದುರಿಗಿದೆ. ನೀವು ಅಂಗಡಿಯಿಂದ ಎಳ್ಳುಬೆಲ್ಲದ ಪೊಟ್ಟಣ ತರಬೇಡಿ. ನಿಮ್ಮ ಕಡೆಯ ಕುಸುರೆಳ್ಳು ಮಾಡಲು ಅಕ್ಕನಿಗೆ ಹೇಳಿ. ಸಣ್ಣ ಉರಿಯಲ್ಲಿ ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಚೂರುಚೂರೇ ಹಾಕುತ್ತ, ಕೈಯಾಡಿಸುತ್ತ, ಮುಳ್ಳು ಏಳಿಸುವುದು ಗಂಟೆಗಟ್ಟಲೆಯ ಕೆಲಸ. ಪಕ್ಕದ ಮನೆಗಳಿಗೆ ಅವರೇ ಹೋಗಿ ಕೊಟ್ಟುಬರಲಿ. ಅಕ್ಕ ಹೊರಗೆ ಹೆಜ್ಜೆಯಿಡಲು ಹೆದರುತ್ತಾಳೆ ಎಂದು ಬರೆದಿದ್ದೀರಿ. ಶೂನ್ಯ ಟಿಕೆಟ್ ಹರಿಸಿಕೊಂಡು ರಾತ್ರಿಯಿಡೀ ಒಬ್ಬರೇ ಪ್ರಯಾಣ ಮಾಡಿ ಬಂದವರು ಅವರು. ಹೆದರಿಕೆ ಯಾರದು ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಆಧಾರ್ ಕಾರ್ಡು ಕೈಗೆ ಕೊಟ್ಟು, ಗಾಂಧಿ ಬಜಾರಿಗೆ ಹೋಗುವ ಬಿಎಂಟಿಸಿ ಬಸ್ಸು ತೋರಿಸಿ. ಹೂವು, ಸೊಪ್ಪು ತರಲಿ.

ಇವೆಲ್ಲ ಆಗದಿದ್ದರೂ ಪರವಾಗಿಲ್ಲ. ಆಗಲೇಬೇಕಾದದ್ದು ಒಂದೇ.

ನಾಳೆ ಬೆಳಿಗ್ಗೆ ನೀವು ಆಫೀಸಿಗೆ ಹೊರಡುವಾಗ ಅಕ್ಕನೂ ಜೊತೆಗೆ ಹೊರಡಬೇಕು. ರಜೆ ಬೇಡ, ಕಾರು ಬೇಡ, ನೀವು ದಿನಾ ಹೋಗುವ ದಾರಿಯಲ್ಲೇ ಹೋಗಿ. ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣದಲ್ಲಿ ಅವರ ಟೋಕನ್ನು ಅವರೇ ಯಂತ್ರಕ್ಕೆ ತೋರಿಸಲಿ. 2025ರ ಆಗಸ್ಟ್‌ನಲ್ಲಿ ಶುರುವಾದ ಆ ಹಳದಿ ಮಾರ್ಗದಿಂದ ನಿಮ್ಮ ಓಡಾಟದ ಎಷ್ಟು ಹೊತ್ತು ಉಳಿಯಿತು ಎಂದು ಪತ್ರದಲ್ಲಿ ಬರೆದಿದ್ದೀರಿ, ಅದನ್ನು ಅವರಿಗೂ ಹೇಳಿ. ರಾಗಿಗುಡ್ಡ ದಾಟಿದ ಮೇಲೆ ಕಿಟಕಿಯ ಪಕ್ಕ ನಿಲ್ಲಿಸಿ. ಕೆಳಗೆ ರಸ್ತೆ, ಅದರ ಮೇಲೆ ಮೇಲ್ಸೇತುವೆ, ಅದಕ್ಕೂ ಮೇಲೆ ತಾವು. ಸಿಲ್ಕ್ ಬೋರ್ಡ್ ಬಂದಾಗ, ಇಲ್ಲೇ ಬಸ್ಸಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡು ಮಗುವನ್ನು ನೆನೆದು ಅಳುತ್ತಿದ್ದೆ ಎಂದು ನನಗೆ ಬರೆದ ಮಾತನ್ನು ಅವರಿಗೆ ಹೇಳಿ. ನೀವು ಹೇಗೆ ಬದುಕುತ್ತೀರಿ ಎಂದು ಅವರಿಗೆ ತಿಳಿಯದು. ಫೋನಿನಲ್ಲಿ ಹದಿನೆಂಟು ವರ್ಷ 'ಎಲ್ಲ ಚೆನ್ನಾಗಿದೆ' ಎಂದೇ ಹೇಳಿದ್ದೀರಿ.

ಹೊರಗಿನವರನ್ನು ಒಳಗೆ ಬಿಡಲು ಅನುಮತಿ ಬೇಕಿದ್ದರೆ ಇವತ್ತೇ ಕೇಳಿ. ನಾಚಿಕೆ ಬೇಡ, 'ನಮ್ಮ ಅಕ್ಕ ಬರುತ್ತಾರೆ' ಎನ್ನಿ. ಒಳಗೆ ಬಿಡದಿದ್ದರೆ ಗೇಟಿನಲ್ಲೇ ನಿಂತು, ಇಷ್ಟನೇ ಮಹಡಿ, ಆ ಕಿಟಕಿ ಎಂದು ಬೆರಳು ಮಾಡಿ ತೋರಿಸಿ. ಬಿಟ್ಟರೆ ನಿಮ್ಮ ಕುರ್ಚಿಯಲ್ಲಿ ಅವರನ್ನು ಕೂರಿಸಿ. ಜೊತೆಯವರಿಗೆ ಪರಿಚಯಿಸುವಾಗ 'ಊರಿನಿಂದ ಬಂದಿದ್ದಾರೆ' ಎಂದಷ್ಟೇ ಹೇಳಿ ಮುಗಿಸಬೇಡಿ, 'ನನ್ನನ್ನು ಓದಿಸಿದವರು' ಎಂದು ಅವರಿಗೆ ಕೇಳಿಸುವಂತೆ ಹೇಳಿ. ಒಂದು ಕಾಫಿ ಕುಡಿಸಿ. ಮರಳಿ ರೈಲು ಹತ್ತಿಸಿದರೆ ಕೊನೆಯ ನಿಲ್ದಾಣ ಆರ್.ವಿ. ರಸ್ತೆಯೇ, ತಪ್ಪಿ ಇಳಿಯುವ ಭಯವಿಲ್ಲ, ಯಜಮಾನರು ಬಂದು ಕಾಯಲಿ. ನಿಮಗೆ ತಪ್ಪುವುದು ಹೆಚ್ಚೆಂದರೆ ಅರ್ಧ ಗಂಟೆಯ ಲೆಕ್ಕ. ಭಾನುವಾರದ ಮಾತನ್ನು ಆ ಸಂಜೆಯ ತನಕ ಎತ್ತಲೇಬೇಡಿ.

ಗೇಟಿನಲ್ಲಿ ಸಂದರ್ಶಕರ ಪುಸ್ತಕ ಇದ್ದರೆ ನೀವು ಪೆನ್ನು ತೆಗೆದುಕೊಳ್ಳಬೇಡಿ. ಅಕ್ಕನ ಕೈಗೆ ಕೊಡಿ. 'ಯಾರನ್ನು ಕಾಣಬೇಕು' ಎಂಬ ಜಾಗದಲ್ಲಿ ನಿಮ್ಮ ಹೆಸರನ್ನು ಅವರೇ ಬರೆಯಲಿ, ನಿಧಾನವಾಗಿ, ಹಿಂದೆ ಎಷ್ಟು ಜನ ಕಾದು ನಿಂತಿದ್ದರೂ.