ಮಾವನ ರೈಫಲ್‌ಗೆ ನ್ಯಾಯವಾದ ಬೆಲೆ ಎಷ್ಟು?

ಪ್ರಶ್ನೆ: ಕಾರ್ಕಳದ ಸಮೀಪ ನಮ್ಮ ಕುಟುಂಬದ ಅಡಿಕೆ ತೋಟವಿದೆ. ಕಳೆದ ವರ್ಷ ತೀರಿಕೊಂಡ ಸೋದರಮಾವನವರ ಬೋಲ್ಟ್ ರೈಫಲ್ ಈಗ ಪರವಾನಗಿ ಪಡೆದ ಕೋವಿ ವ್ಯಾಪಾರಿಯಲ್ಲಿ ಠೇವಣಿಯಾಗಿದೆ. ಅದು ಜರ್ಮನಿಯ ಮೌಸರ್, ಲಕ್ಷಗಟ್ಟಲೆ ಬಾಳುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ನೆಂಟರೊಬ್ಬರು ತೀರಾ ಕಡಿಮೆಗೆ ಕೇಳುತ್ತಿದ್ದಾರೆ. ಬೆಲೆಯನ್ನು ತಿಳಿಯುವುದು ಹೇಗೆ? ಮಾರುವ ಮೊದಲು ಪಾಲಿಶ್ ಮಾಡಿಸಬಹುದೇ?

ಉತ್ತರ: ಪಾಲಿಶ್ ಮಾಡಿಸಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಕರಾವಳಿಯ ಮನೆಗಳಲ್ಲಿ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ, ಕೈಯಿಂದ ಹಿಂದೆಮುಂದೆ ಸರಿಸುವ ಅಗುಳಿ) ಇರುವ ಕೋವಿಗಳೆಲ್ಲವೂ ಮೌಸರ್ ಎನಿಸಿಕೊಂಡಿವೆ. ಆದರೆ ಅವುಗಳಲ್ಲಿ ಬಹುಪಾಲು ನಮ್ಮದೇ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ತಯಾರಾದ .315 (ಇಂಚಿನಲ್ಲಿ ನಳಿಗೆಯ ಅಳತೆ) ರೈಫಲ್‌ಗಳು. .303 ತೋಟೆ ಸೈನ್ಯದ್ದಾದ ಕಾರಣ ಸಾರ್ವಜನಿಕರಿಗೆ ನಿಷಿದ್ಧವಾಗಿದ್ದು, ಆ ತೋಟೆ ಬಳಸುತ್ತಿದ್ದ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲಿನ ಮಾದರಿಯ ಯಂತ್ರಕ್ಕೇ .315 ನಳಿಗೆ ಜೋಡಿಸಿದರು. ಮೌಸರನ್ನೂ ಇದನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ: 1898ರ ಮೌಸರ್‌ನಲ್ಲಿ ಬೋಲ್ಟನ್ನು ಬಿಗಿಹಿಡಿಯುವ ಮುಖ್ಯ ಹಲ್ಲುಗಳು ಅದರ ಮುಂತುದಿಯಲ್ಲಿರುತ್ತವೆ, ಲೀ-ಎನ್‌ಫೀಲ್ಡ್‌ನಲ್ಲಿ ಹಿಂಭಾಗದಲ್ಲಿರುತ್ತವೆ, ಮೌಸರ್‌ನ ತೋಟೆಪೆಟ್ಟಿಗೆ ಸಾಮಾನ್ಯವಾಗಿ ಮರದೊಳಗೇ ಅಡಗಿರುತ್ತದೆ, ಲೀ-ಎನ್‌ಫೀಲ್ಡ್‌ನದು ಕೆಳಗೆ ಚಾಚಿಕೊಂಡು ಕಳಚುವಂತಿರುತ್ತದೆ. ಲೋಹದ ಮೇಲಿನ ಕಾರ್ಖಾನೆಯ ಮುದ್ರೆಯನ್ನೂ ಓದಿಸಿ.

ಈ ಗುರುತಿನ ಮೇಲೆ ಬೆಲೆಯ ದಾರಿಯೇ ಕವಲೊಡೆಯುತ್ತದೆ. ದೇಶೀಯ ರೈಫಲಾದರೆ ಕಾರ್ಖಾನೆಯ ಹೊಸ ರೈಫಲಿನ ದರವೇ ಮೇಲ್ಮಿತಿ. ಹಳೆಯದಕ್ಕೆ ಅದಕ್ಕಿಂತ ಹೆಚ್ಚು ಕೊಡುವವರು ಅಪರೂಪ. ಖಾಸಗಿ ಬಳಕೆಯ ಶಸ್ತ್ರಗಳ ಆಮದು 1980ರ ದಶಕದಲ್ಲೇ ಬಹುತೇಕ ನಿಂತುಹೋದ ಕಾರಣ, ನಿಜವಾದ ವಿದೇಶಿ ರೈಫಲ್‌ಗೆ ಅಂಥ ಮೇಲ್ಮಿತಿ ಇಲ್ಲ. ಹಾಗೆಂದು ಬೇಡಿಕೆಯೂ ಅಪಾರವಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ ಮೇಲೆ, ಮೂರನೆಯದನ್ನು ಬಿಟ್ಟುಕೊಡಬೇಕಾದವರ ರೈಫಲ್‌ಗಳೂ ಮಾರಾಟಕ್ಕೆ ಬಂದವು.

ಗುರುತು ತಿಳಿದ ಮೇಲೆ ನೋಡಬೇಕಾದದ್ದು ನಳಿಗೆಯ ಒಳಗನ್ನು. ನಮ್ಮ ಕಡೆ ಹೊರಗಿನ ಹೊಳಪಿಗೆ ಮರುಳಾಗಿ ಇದನ್ನೇ ಮರೆಯುತ್ತಾರೆ. ಹಳೆಯ ತೋಟೆಗಳ ಕೇಪಿನಲ್ಲಿದ್ದ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಭಾಗ) ಕ್ಲೋರೇಟ್ ಎಂಬ ರಾಸಾಯನಿಕ, ಹಾರಿದ ಬಳಿಕ ಉಪ್ಪಾಗಿ ನಳಿಗೆಯೊಳಗೆ ಉಳಿಯುತ್ತಿತ್ತು; ಆ ಉಪ್ಪು ಜೂನ್ ತಿಂಗಳಿನಿಂದ ಗಾಳಿಯಲ್ಲೇ ನೀರಿರುವ ನಮ್ಮ ಊರಿನಲ್ಲಿ ತೇವವನ್ನು ಹೀರಿಕೊಂಡು, ಗುಂಡನ್ನು ತಿರುಗಿಸುವ ಸುರುಳಿ ತೋಡುಗಳ ಮೂಲೆಮೂಲೆಯಲ್ಲಿ ಗುಳಿ ಬೀಳಿಸುತ್ತಿತ್ತು. ಚರ್ಮದ ಚೀಲದಲ್ಲೇ ವರ್ಷಗಟ್ಟಲೆ ಇಟ್ಟಿದ್ದರೆ ಇನ್ನೂ ಕಷ್ಟ. ತೆಂಗಿನೆಣ್ಣೆ ಹಚ್ಚಿ ಕಾಪಾಡಿದ್ದೇವೆ ಎನ್ನುವವರೂ ಇದ್ದಾರೆ. ಆ ಎಣ್ಣೆ ಕಾಲಕ್ರಮೇಣ ಜಿಗುಟಾಗಿ ಕೊಳೆ ಹಿಡಿಯುತ್ತದೆಯೇ ಹೊರತು ಕಬ್ಬಿಣವನ್ನು ಬಹುಕಾಲ ಕಾಯುವುದಿಲ್ಲ. ಆದ್ದರಿಂದ ವ್ಯಾಪಾರಿಯಲ್ಲಿಯೇ, ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬೋಲ್ಟನ್ನು ಹೊರತೆಗೆಸಿ, ನಳಿಗೆಯನ್ನು ಒರೆಸಿಸಿ, ಬೆಳಕು ಹಿಡಿದು ನೋಡಿ. ತೋಡುಗಳ ಅಂಚು ಚೂಪಾಗಿರಬೇಕು. ತೋಟೆಯ ಕೋಣೆಯ ಮುಂದೆಯೂ ಮೂತಿಯ ಬಾಯಲ್ಲಿಯೂ ಸವಕಳಿ ಮೊದಲು ಕಾಣಿಸುತ್ತದೆ. ಬೋಲ್ಟ್ ತೆಗೆದು ಹಿಂದಿನಿಂದ ಒರೆಸುವ ಬದಲು ಮೂತಿಯಿಂದಲೇ ಸರಳು ತುರುಕಿದ ರೈಫಲ್‌ಗಳಲ್ಲಿ ಅದು ಹೆಚ್ಚು. ನಳಿಗೆ ಹಾಳಾಗಿದ್ದರೆ ಉಳಿದ ಯಾವ ಗುಣವೂ ಬೆಲೆಯನ್ನು ಎತ್ತಲಾರದು.

ಬೋಲ್ಟಿನ ಸಂಖ್ಯೆ ರೈಫಲಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಬೇರೆ ರೈಫಲಿನ ಬೋಲ್ಟ್ ಸೇರಿಸಿದ್ದರೆ ತೋಟೆ ಕೂರುವ ಅಂತರ ತಪ್ಪಿ ಅಪಾಯವಾಗಬಹುದಾದ್ದರಿಂದ, ಬಂದೂಕು ರಿಪೇರಿ ಬಲ್ಲವರು ಅಳೆಯುವವರೆಗೆ ಹಾರಿಸಬಾರದು. ಮರದ ಬಿರುಕು, ಕಳೆದುಹೋದ ತೋಟೆಪೆಟ್ಟಿಗೆ, ತಲೆ ಜಜ್ಜಿದ ತಿರುಪು, ಇವೆಲ್ಲ ಬೆಲೆ ತಗ್ಗಿಸುವ ವಿಷಯಗಳು. ಹೊರಗಿನ ಕಪ್ಪು ಬಣ್ಣ ಮಾಸಿದ್ದರೆ ಮಾಸಲಿ. ಉಜ್ಜಿ ಹೊಸ ಬಣ್ಣ ಹಾಕಿಸಿದರೆ ಮುದ್ರೆಯ ಅಕ್ಷರಗಳೂ ಸಂಖ್ಯೆಯೂ ತೆಳುವಾಗುತ್ತವೆ, ಕೊಳ್ಳುವವನಿಗೆ ಏನನ್ನೋ ಮುಚ್ಚಿದ್ದಾರೆಂಬ ಅನುಮಾನವೂ ಹುಟ್ಟುತ್ತದೆ.

ಸಂಖ್ಯೆಯನ್ನು ಮಾವನವರ ಪರವಾನಗಿ ಪುಸ್ತಕದೊಂದಿಗೆ ತಾಳೆ ನೋಡಿದ ಬಳಿಕವೇ ಇಬ್ಬರು ವ್ಯಾಪಾರಿಗಳಿಂದ ಬರಹದಲ್ಲಿ ದರ ಕೇಳಿ. ವಾರಸುದಾರರೆಲ್ಲರ ಒಪ್ಪಿಗೆಯೊಂದಿಗೆ ಜಿಲ್ಲಾಧಿಕಾರಿ ಕಚೇರಿಯ ಅನುಮತಿ ಆಗದೆ ಮುಂಗಡವನ್ನೂ ಪಡೆಯಬೇಡಿ. ನಿಮ್ಮ ನೆಂಟರ ಪರವಾನಗಿಯನ್ನೂ ಕೇಳಿ ನೋಡಿ. ಅದು ತೋಟ ಕಾಯಲು ಪಡೆದ ಜೋಡಿ ನಳಿಗೆಯ ಕೋವಿಗೆ ಮಾತ್ರ ಇದ್ದರೆ, ಅವರು ಎಷ್ಟೇ ಕೊಡುತ್ತೇನೆಂದರೂ ಈ ರೈಫಲನ್ನು ಅವರಿಗೆ ಮಾರುವಂತಿಲ್ಲ.